ಬಿಚ್ಚಿ ಕಲಿತ ಹೆಣಿಗೆ

ಹೆಣಿಗೆ ಕಲಿಯಬೇಕು ಅನ್ನುವವರಿಗೆ ನಾನು ಹೇಳುವುದು ಇಷ್ಟೆ: ಹೊಸ ಉಲ್ಲನ್ ಕೊಳ್ಳುವ ಮುಂಚೆ ಒಂದು ಹಳೆಯ ಸ್ವೆಟರ್ ಬಿಚ್ಚಿ ನೋಡಿ. ಕಡ್ಡಿ ಹಿಡಿಯುವುದು, ಸೀದಾ ಹಾಕುವುದು, ಉಲ್ಟಾ ಹಾಕುವುದು ನನಗೆ ಸೋದರತ್ತೆ ಹೇಳಿಕೊಟ್ಟ ಪಾಠ. ಅಷ್ಟು ಬಂದರೆ ಮಫ್ಲರ್ ಆಗುತ್ತದೆ. ಆದರೆ ಹೆಗಲು ಹೇಗೆ ಇಳಿಯುತ್ತದೆ, ತೋಳು ಎಲ್ಲಿ ಕಿರಿದಾಗುತ್ತದೆ ಎಂಬುದು ತಿಳಿದದ್ದು ಬೆಂಗಳೂರಿನ ಚಿಕ್ಕಪೇಟೆಯ ಸಂಡೆ ಬಜಾರಿನಲ್ಲಿ ಹುಡುಕಿ ತಂದ ಸೆಕೆಂಡ್ ಹ್ಯಾಂಡ್ ಸ್ವೆಟರುಗಳಿಂದ.

ಭಾನುವಾರ ಬೆಳಿಗ್ಗೆ ಅಲ್ಲಿ ರಸ್ತೆಬದಿಯಲ್ಲೇ ಟಾರ್ಪಾಲು ಹಾಸಿ ಬಟ್ಟೆ, ಬೀಗ, ರೇಡಿಯೊ, ಪಾತ್ರೆ ಎಲ್ಲ ಹರವಿರುತ್ತಾರೆ. ಬಟ್ಟೆಯ ರಾಶಿಯ ಮುಂದೆ ಕೂತಾಗ ಬಣ್ಣಕ್ಕೆ ಮನಸೋಲಬಾರದು. ಸ್ವೆಟರನ್ನು ಒಳಮಗ್ಗುಲಿಗೆ ತಿರುವಿ ಪಕ್ಕದ ಹೊಲಿಗೆ ನೋಡಬೇಕು. ಅಂಚಿಗೆ ಓವರ್‌ಲಾಕ್ ಹಾಕಿದ್ದರೆ ಅದು ದೊಡ್ಡ ಹೆಣಿಗೆ ಬಟ್ಟೆಯಿಂದ ಕತ್ತರಿಸಿ ಹೊಲಿದದ್ದು. ಬಿಚ್ಚಿದರೆ ಸಾಲಿಗೊಂದು ತುಂಡು ನೂಲು ಕೈಗೆ ಬರುತ್ತದೆ, ಅಷ್ಟೆ. ಹೊಲಿಗೆಯ ಎರಡೂ ಕಡೆ ಕುಣಿಕೆಗಳು ಇಡಿಯಾಗಿ ಕಂಡರೆ ಬೆನ್ನು, ಎದೆ, ತೋಳುಗಳನ್ನು ಬೇರೆ ಬೇರೆಯಾಗಿ ಅಳತೆಗೆ ಹೆಣೆದು ಜೋಡಿಸಿದ್ದಾರೆ ಎಂದರ್ಥ. ಅಂಥದ್ದರಲ್ಲಿ ನೂಲು ಉದ್ದಕ್ಕೆ ಸಿಗುತ್ತದೆ. ಬಿಸಿನೀರಲ್ಲಿ ಉಜ್ಜಿ ಒಗೆದು ಕಂಬಳಿಯ ಹಾಗೆ ಗಟ್ಟಿಯಾದ ಉಣ್ಣೆಯನ್ನು ಮುಟ್ಟಲೇಬಾರದು. ಉಣ್ಣೆಯ ಎಳೆಯ ಮೇಲಿರುವ ಸಣ್ಣ ಹುರುಪೆಗಳು ಒಂದಕ್ಕೊಂದು ಕಚ್ಚಿಕೊಂಡಿರುವುದರಿಂದ ಅದು ಬಿಡಿಸಿಕೊಳ್ಳುವುದಿಲ್ಲ.

“ಬೋಣಿ ಟೈಮು ಅಕ್ಕ, ಒಳಗೆ ಹೊರಗೆ ಏನ್ ನೋಡ್ತೀರಾ, ತಗೊಳ್ಳಿ” ಎಂದು ವ್ಯಾಪಾರಿ ಅವಸರ ಮಾಡುತ್ತಾನೆ. ನಾನು ನೋಡಿಯೇ ಕೊಳ್ಳುವುದು. ಕತ್ತಿನ ಪಟ್ಟಿಯಲ್ಲಿ ಉಲ್‌ಮಾರ್ಕ್ ಗುರುತು ಇದ್ದರೆ ಹುಡುಕಾಟ ಸುಲಭ. 1964ರಲ್ಲಿ ಬಂದ ಆ ಗುರುತು ಶುದ್ಧ ಉಣ್ಣೆಗೆ ಕೊಡುವಂಥದ್ದು. ಪಟ್ಟಿ ಕಿತ್ತುಹೋಗಿದ್ದರೆ ಮನೆಗೆ ತಂದು ಒಂದೆಳೆ ಸುಟ್ಟು ನೋಡುತ್ತೇನೆ. ಉಣ್ಣೆಯಾದರೆ ಕೂದಲು ಸುಟ್ಟ ವಾಸನೆ ಬಂದು ಬೆರಳಲ್ಲಿ ಪುಡಿಯಾಗುವ ಬೂದಿ ಉಳಿಯುತ್ತದೆ. ಅಕ್ರಿಲಿಕ್ ಆದರೆ ಕರಗಿ ಗಟ್ಟಿ ಮಣಿಯಾಗುತ್ತದೆ.

ಹೆಣಿಗೆಯ ನಿಜವಾದ ಪಾಠ ಒಂದು ಕಂದು ಕೆಂಪು ಕಾರ್ಡಿಗನ್‌ನಿಂದ ಆಯಿತು. ಕೆಳಗಿನಿಂದ ಮೇಲಕ್ಕೆ ಹೆಣೆದದ್ದು ಮೇಲಿನಿಂದ ಬಿಚ್ಚಿಕೊಳ್ಳುತ್ತದೆ. ಜೋಡಿಸಿದ ದಾರ ತೆಗೆದು, ಬೆನ್ನಿನ ಭಾಗವನ್ನು ಹೆಗಲಿನಿಂದ ಎಳೆಯುತ್ತಾ ಬಂದೆ. ಕಂಕುಳಿನ ಹತ್ತಿರ ಬಂದಾಗ ಸಾಲಿನ ಅಂಚಿನಲ್ಲಿ ಒಂದು ಕುಣಿಕೆಯೊಳಗಿಂದ ಎರಡು ಕುಣಿಕೆಗಳು ಹೊರಬಂದವು. ಒಂದು ಸಾಲು ಬಿಟ್ಟು ಮತ್ತೆ ಹಾಗೆಯೇ. ಹೆಣೆದವರು ಎರಡನ್ನು ಒಂದು ಮಾಡುತ್ತಾ ತೋಳಿಗೆ ಜಾಗ ಕೊರೆದಿದ್ದರು. ನಾನು ಒಂದೊಂದೇ ಸಾಲು ಬಿಚ್ಚುತ್ತಾ ಹಾಳೆಯ ಮೇಲೆ ಬರೆದುಕೊಂಡೆ. ಸೊಂಟಕ್ಕೆ ಬಂದಾಗ ಸೀದಾ ಉಲ್ಟಾ ಜೋಡಿಯಾಗಿ ನಿಂತಿದ್ದ ಪಟ್ಟಿ ಸಿಕ್ಕಿತು. ಅದನ್ನು ಎಳೆದು ಬಿಟ್ಟಾಗ ತಾನೇ ಕುಗ್ಗುತ್ತಿತ್ತು. ಸ್ವೆಟರ್ ಮೈಗೆ ಹಿಡಿದು ಕೂರುವುದು ಏಕೆಂದು ಕೈಗೇ ಗೊತ್ತಾಯಿತು.

ಬಿಚ್ಚಿದ ನೂಲು ಸುರುಳಿ ಸುರುಳಿಯಾಗಿರುತ್ತದೆ. ಅದನ್ನು ಕುರ್ಚಿಯ ಬೆನ್ನಿಗೆ ಸುತ್ತಿ ಲಡಿ ಮಾಡಿ, ನಾಲ್ಕು ಕಡೆ ಹತ್ತಿ ದಾರದಿಂದ ಸಡಿಲವಾಗಿ ಕಟ್ಟಬೇಕು. ಉಗುರು ಬೆಚ್ಚಗಿನ ನೀರಲ್ಲಿ ನೆನೆಸಿ, ಹಿಂಡದೆ, ಟವೆಲಲ್ಲಿ ಒತ್ತಿ ನೆರಳಲ್ಲಿ ನೇತು ಹಾಕಿದರೆ ಸುರುಳಿ ಸಾಕಷ್ಟು ಬಿಡುತ್ತದೆ. ಆ ನೂಲಿನಲ್ಲಿ ತಂಗಿಯ ಮಗುವಿಗೆ ಕುಲಾವಿ ಹೆಣೆದೆ. ನೆತ್ತಿಯ ಕಡೆ ಕಿರಿದು ಮಾಡುವಾಗ ಕಾರ್ಡಿಗನ್‌ನ ಕಂಕುಳು ಕಲಿಸಿದ್ದೇ ಕೆಲಸಕ್ಕೆ ಬಂತು.

ಗುಜರಿಯಲ್ಲಿ ಕಡ್ಡಿಗಳೂ ಸಿಗುತ್ತವೆ. ಅಲ್ಲಿ ತಿಳಿದಿರಬೇಕಾದ ಸಂಗತಿ ನಂಬರಿನದು. ನಮ್ಮಲ್ಲಿ ಬಳಕೆಯಲ್ಲಿರುವ ಹಳೆಯ ಬ್ರಿಟಿಷ್ ಲೆಕ್ಕದಲ್ಲಿ ನಂಬರ್ ಹೆಚ್ಚಿದಷ್ಟೂ ಕಡ್ಡಿ ತೆಳು: 8 ಎಂದರೆ 4 ಮಿ.ಮೀ., 10 ಎಂದರೆ 3.25. ಅಮೆರಿಕದ ಲೆಕ್ಕದಲ್ಲಿ 8 ಎಂದರೆ 5 ಮಿ.ಮೀ. ಹಾಗಾಗಿ ಯಾವ ಮಾದರಿ ನೋಡಿ ಹೆಣೆದರೂ ಮಿಲಿಮೀಟರನ್ನೇ ನಂಬಬೇಕು.

ಹೀಗೆ ಬಿಚ್ಚಿ ಹೆಣೆಯುವುದು ಹೊಸದೇನಲ್ಲ. ಯುದ್ಧಕಾಲದ ಬ್ರಿಟನ್ನಿನಲ್ಲಿ 1941ರಿಂದ ಬಟ್ಟೆಗೂ ರೇಷನ್ ಇತ್ತು. ಹಳೆಯ ಸ್ವೆಟರ್ ಬಿಚ್ಚಿ ಹೊಸದು ಹೆಣೆಯುವುದು ಅಲ್ಲಿ ಮನೆಮನೆಯ ಕೆಲಸವಾಗಿತ್ತು. ಈಗ ಹೊರದೇಶಗಳಲ್ಲಿ ಬಿಸಾಡಿದ ಉಣ್ಣೆ ಬಟ್ಟೆಗಳು ಹರಿಯಾಣದ ಪಾನಿಪತ್‌ಗೆ ಬರುತ್ತವೆ. ಅಲ್ಲಿ ಯಂತ್ರಗಳು ಅವನ್ನು ಚಿಂದಿ ಮಾಡಿ ಮತ್ತೆ ನೂತು ಹೊದಿಕೆ ಮಾಡುತ್ತವೆ. ಹಾಗೆ ಚಿಂದಿ ಮಾಡುವಾಗ ಎಳೆ ತುಂಡಾಗಿ ಗಿಡ್ಡವಾಗುತ್ತದೆ. ಕೈಯಲ್ಲಿ ಬಿಚ್ಚಿದ ನೂಲು ಮೊದಲಿನಷ್ಟೇ ಉದ್ದವಾಗಿ ಉಳಿಯುತ್ತದೆ. ಈ ನಿಧಾನದ ಕೆಲಸಕ್ಕೆ ನನ್ನ ಭಾನುವಾರಗಳನ್ನು ಕೊಡುವುದು ಅದಕ್ಕೇ.

ಈಗ ನನಗೊಂದು ನಿಯಮವಿದೆ. ರಾಶಿಯಲ್ಲಿ ಕೈಯಿಂದ ಹೆಣೆದ, ಇನ್ನೂ ತೊಡಬಹುದಾದ ಸ್ವೆಟರ್ ಸಿಕ್ಕರೆ ಅದನ್ನು ಬಿಚ್ಚುವುದಿಲ್ಲ. ತೂತು ಮುಚ್ಚಿ, ಗುಂಡಿ ಹಾಕಿ, ಚಳಿಗೆ ಬೇಕಾದವರಿಗೆ ಕೊಡುತ್ತೇನೆ. ಒಂದು ಸ್ವೆಟರಿಗೆ ಎಷ್ಟು ಸಂಜೆಗಳು ಹಿಡಿಯುತ್ತವೆ ಎಂದು ಬಲ್ಲವರು ಇನ್ನೊಬ್ಬರ ಕೈಕೆಲಸವನ್ನು ಹಾಗೆ ಸುಲಭಕ್ಕೆ ಇಲ್ಲವಾಗಿಸಬಾರದು.