ಕನ್ನಡವನ್ನು ಓದುವ ತಂತ್ರಾಂಶ ಮತ್ತು ಅದರ ದೋಷಶೋಧನೆ

ಗಣಕಯಂತ್ರದ ವಿದ್ಯೆಯು ಇಂಗ್ಲಿಷ್ ಮಾಧ್ಯಮದವರ ಸೊತ್ತು, ಕನ್ನಡದಲ್ಲಿ ಓದಿದ ಮಕ್ಕಳಿಗೆ ಅದು ದಕ್ಕುವಂಥದಲ್ಲ ಎಂಬ ಶಂಕೆಯು ನಮ್ಮ ಪ್ರಾಂತದ ಪೋಷಕರಲ್ಲಿ ಬೇರೂರಿದೆ. ಮಕ್ಕಳನ್ನು ಶಾಲೆಗೆ ಸೇರಿಸಲು ಬಂದವರು ನಮ್ಮೆದುರು ಕುಳಿತು ಮೊದಲು ಕೇಳುವ ಪ್ರಶ್ನೆಯೂ ಇದೇ. ಮನೆಯಲ್ಲಿ ಕನ್ನಡ ಅಥವಾ ತೆಲುಗು, ಅಂಗಡಿಯಲ್ಲಿ ತಮಿಳು, ಹೊಸೂರಿನ ಕಾರ್ಖಾನೆಯಲ್ಲಿ ಇಂಗ್ಲಿಷ್, ಹೀಗೆ ನಾಲ್ಕು ನುಡಿಗಳ ನಡುವೆ ಬೆಳೆಯುವ ಸೂಳಗಿರಿಯ ಮಕ್ಕಳ ವಿಷಯದಲ್ಲಿ ಈ ಆತಂಕವು ಸಹಜವೇ ಸರಿ. ಅದಕ್ಕೆ ಉಪದೇಶದಿಂದ ಉತ್ತರ ಕೊಡುವುದಕ್ಕಿಂತ ಒಂದು ಪಾಠದಿಂದ ಉತ್ತರ ಕೊಡುವುದು ಲೇಸೆಂದು ಬಗೆದಿದ್ದೇವೆ. ಗಣಕದಲ್ಲಿ ಕೆಲವು ದೋಷಗಳಿವೆ. ಕನ್ನಡದ ಕಾಗುಣಿತವನ್ನು ಬಲ್ಲವನಿಗೇ ಅವು ಮೊದಲು ಕಾಣುತ್ತವೆ.

ಈಸ್ಪೀಕ್ ಎನ್‌ಜಿ ಎಂಬ ತಂತ್ರಾಂಶವೊಂದುಂಟು. ಬರೆದ ಪಠ್ಯವನ್ನು ಗಟ್ಟಿಯಾಗಿ ಓದಿ ಹೇಳುವುದು ಅದರ ಕೆಲಸ. ಜೋನಾಥನ್ ಡಡ್ಡಿಂಗ್ಟನ್ ಎಂಬವರು ೧೯೯೫ರಲ್ಲಿ ಏಕಾರ್ನ್ ಗಣಕಗಳಿಗಾಗಿ ಬರೆದ ಸಣ್ಣ ತಂತ್ರಾಂಶವು ಇದರ ಮೂಲ. ೨೦೧೫ರಲ್ಲಿ ರೀಸ್ ಡನ್ ಎಂಬವರು ಅದರಿಂದ ಹೊಸ ಶಾಖೆಯೊಂದನ್ನು ಆರಂಭಿಸಿದರು. ಎನ್‌ಜಿ ಎಂಬುದು ಆ ಶಾಖೆಯ ಗುರುತು. ನೂರಕ್ಕೂ ಮಿಕ್ಕಿದ ಭಾಷೆಗಳನ್ನು ಅದು ಓದುತ್ತದೆ, ಅವುಗಳಲ್ಲಿ ಕನ್ನಡವೂ ಒಂದು. ಅಂಧರು ವಿಂಡೋಸ್ ಗಣಕವನ್ನು ಬಳಸಲು ನೆರವಾಗುವ ಎನ್‌ವಿಡಿಎ ಎಂಬ ಉಚಿತ ತಂತ್ರಾಂಶದೊಳಗೆ ಇದೇ ಧ್ವನಿಯು ಅಡಕವಾಗಿದೆ. ಆದುದರಿಂದ ಕಣ್ಣಿಲ್ಲದ ಬಾಲಕನೊಬ್ಬನು ಕನ್ನಡ ಪಾಠವನ್ನು ಗಣಕದಿಂದ ಕೇಳಿ ಕಲಿಯುವಾಗ, ಆ ಕನ್ನಡವು ಶುದ್ಧವೋ ಅಶುದ್ಧವೋ ಎಂಬುದು ಸಾಮಾನ್ಯ ವಿಷಯವಲ್ಲ. ಅದರ ದನಿ ಯಾಂತ್ರಿಕವಾದುದು, ಕಿವಿಗೆ ಇಂಪಲ್ಲ; ಆದರೆ ಅದರ ಮೂಲಬರಹವೆಲ್ಲ ಮುಕ್ತವಾಗಿದೆ. ಯಾರು ಬೇಕಾದರೂ ತೆರೆದು ಓದಬಹುದು, ತಿದ್ದಿ ಕಳುಹಿಸಬಹುದು.

ಈ ಮೂಲಬರಹವು ಬಹುಮಟ್ಟಿಗೆ ಸಿ ಭಾಷೆಯಲ್ಲಿದೆ. ಬೆಲ್ ಪ್ರಯೋಗಶಾಲೆಯಲ್ಲಿ ಡೆನ್ನಿಸ್ ರಿಚಿಯವರು ೧೯೭೨ರ ಸುಮಾರಿಗೆ ರೂಪಿಸಿದ ಭಾಷೆ ಅದು. ಮನುಷ್ಯನು ಓದಬಲ್ಲ ಸಿ ಬರಹವನ್ನು ಯಂತ್ರವು ನಡೆಸಬಲ್ಲ ರೂಪಕ್ಕೆ ತರುವ ಕಂಪೈಲರ್ ವಿಂಡೋಸಿನೊಡನೆ ಬರುವುದಿಲ್ಲ; ಅದನ್ನು ಬೇರೆಯಾಗಿ ಸ್ಥಾಪಿಸಿಕೊಳ್ಳಬೇಕು. ಮೈಕ್ರೋಸಾಫ್ಟಿನ ವಿಷುಯಲ್ ಸ್ಟುಡಿಯೋ ಒಂದು ದಾರಿ. ಎಂಸಿಸ್-೨ ಎಂಬುದರ ಮೂಲಕ ಜಿಸಿಸಿ ಕಂಪೈಲರನ್ನು ತರಿಸಿಕೊಳ್ಳುವುದು ಇನ್ನೊಂದು ದಾರಿ. ಎರಡನ್ನೂ ಬೆರೆಸಬಾರದು. ಆರಂಭದ ತೊಡಕುಗಳು ಹಲವು ವೇಳೆ ಈ ಬೆರಕೆಯಿಂದಲೇ ಹುಟ್ಟುತ್ತವೆ.

ಕಟ್ಟುವ ಕೆಲಸವು ಹಂತ ಹಂತವಾಗಿ ನಡೆಯುತ್ತದೆ. ದೋಷವು ಯಾವ ಹಂತದ್ದೆಂದು ಮೊದಲು ಗೊತ್ತುಮಾಡಿಕೊಂಡರೆ ಅರ್ಧ ಕೆಲಸ ಮುಗಿದಂತೆ. ಸೇರಿಸಬೇಕಾದ ಕಡತವು ಸಿಕ್ಕಲಿಲ್ಲವೆಂದು ಕಂಪೈಲರ್ ದೂರಿದರೆ ಬರಹದಲ್ಲಿ ತಪ್ಪಿಲ್ಲ. ಹುಡುಕಬೇಕಾದ ಜಾಗವನ್ನು ನಾವು ತೋರಿಸಿಲ್ಲ, ಅಷ್ಟೆ. ಹೆಸರೊಂದರ ಅರ್ಥ ಬಗೆಹರಿಯಲಿಲ್ಲವೆಂದು ಲಿಂಕರ್ ಹೇಳಿದರೆ, ಕರೆದ ಕಾರ್ಯವುಳ್ಳ ಗ್ರಂಥಭಂಡಾರವನ್ನು ಜೋಡಿಸಿಲ್ಲವೆಂದು ಸಾಮಾನ್ಯವಾಗಿ ತಿಳಿಯತಕ್ಕದ್ದು. ೩೨ ಬಿಟ್ಟಿನ ಭಾಗವನ್ನು ೬೪ ಬಿಟ್ಟಿನ ಭಾಗಕ್ಕೆ ಬೆಸೆಯಹೊರಟರೂ ಲಿಂಕರ್ ಒಪ್ಪುವುದಿಲ್ಲ. ಪರದೆಯ ತುಂಬ ನೂರು ದೂರುಗಳು ಬಿದ್ದಾಗ ಕೊನೆಯದನ್ನು ನೋಡಿ ಕಂಗೆಡುವ ವಿದ್ಯಾರ್ಥಿಗಳೇ ಹೆಚ್ಚು. ಮೊದಲನೆಯ ದೂರನ್ನು ಓದಿರಿ. ಉಳಿದವು ಅನೇಕ ವೇಳೆ ಅದರ ಸಂತಾನ.

ಈಸ್ಪೀಕ್ ಎನ್‌ಜಿಯಲ್ಲಿ ಇನ್ನೊಂದು ವಿಶೇಷವಿದೆ. ಯಂತ್ರಭಾಗವು ಸಿದ್ಧವಾದ ಬಳಿಕ, ಅದೇ ಯಂತ್ರವು ಭಾಷೆಗಳ ನಿಯಮಗಳನ್ನು ಅರೆದು ತನ್ನ ದತ್ತಾಂಶದ ಕೋಶವನ್ನು ತಾನೇ ಮಾಡಿಕೊಳ್ಳುತ್ತದೆ. ಫಾನ್‌ಟ್ಯಾಬ್ ಎಂಬ ಕಡತವು ಇಲ್ಲವೆಂದು ದೂರು ಬಂದರೆ ಸಿ ಬರಹವನ್ನು ಕೆದಕಬೇಕಾಗಿಲ್ಲ. ಒಂದೋ ಆ ಕೋಶವು ತಯಾರಾಗಿಲ್ಲ, ಇಲ್ಲವೇ ತಂತ್ರಾಂಶವು ಅದನ್ನು ಬೇರೆಡೆ ಹುಡುಕುತ್ತಿದೆ. ಈಸ್ಪೀಕ್ ಡೇಟಾ ಪಾತ್ ಎಂಬ ಪರಿಸರಚರದಲ್ಲಿ ಸರಿಯಾದ ವಿಳಾಸವನ್ನು ಬರೆದರೆ ಸಾಕು.

ಇಲ್ಲಿಯವರೆಗಿನ ತೊಡಕುಗಳು ಎಲ್ಲ ಭಾಷೆಯವರಿಗೂ ಸಮಾನ. ಇನ್ನು ಮುಂದಿನವು ನಮ್ಮವು.

ಸೂಳಗಿರಿ ಎಂಬ ಪದದಲ್ಲಿ ಎಷ್ಟು ಅಕ್ಷರಗಳು? ಸೂ, ಳ, ಗಿ, ರಿ, ನಾಲ್ಕೆಂದು ಒಂದನೆಯ ತರಗತಿಯ ಮಗುವೂ ಹೇಳೀತು. ಯೂನಿಕೋಡ್ ಪದ್ಧತಿಯಲ್ಲಿ ಸ ಒಂದು ಸಂಕೇತ, ಊಕಾರದ ಕೊಂಬು ಬೇರೊಂದು ಸಂಕೇತ. ಗ ಮತ್ತು ರ ಅಕ್ಷರಗಳ ಗುಡಿಸುಗಳೂ ಹಾಗೆಯೇ. ಆದುದರಿಂದ ಏಳು ಸಂಕೇತಗಳಾದವು. ಯುಟಿಎಫ್-೮ ಎಂಬ ರೂಪದಲ್ಲಿ ಕನ್ನಡದ ಪ್ರತಿ ಸಂಕೇತಕ್ಕೂ ಮೂರು ಬೈಟುಗಳು ಬೇಕು, ಒಟ್ಟು ೨೧. ಸಿ ಭಾಷೆಯು ಪದದ ಕೊನೆಯನ್ನು ಗುರುತಿಸಲು ಸೊನ್ನೆಯ ಬೈಟೊಂದನ್ನು ಸೇರಿಸುವುದರಿಂದ ೨೨.

ಈಗ ಅಭ್ಯಾಸಕ್ಕಾಗಿ ಸಣ್ಣದೊಂದು ಸಿ ತಂತ್ರಾಂಶವನ್ನು ಕಲ್ಪಿಸಿಕೊಳ್ಳಿರಿ. ಊರಿನ ಹೆಸರನ್ನು ಕಡತದಿಂದ ಓದಿ ಇಟ್ಟುಕೊಳ್ಳಲು ಬರೆದವನು ೨೦ ಬೈಟುಗಳ ಜಾಗವನ್ನು ಮೀಸಲಿಟ್ಟಿದ್ದಾನೆ. ಇಂಗ್ಲಿಷ್ ಲಿಪಿಯಲ್ಲಿ ಸೂಳಗಿರಿಗೆ ಹತ್ತು ಅಕ್ಷರ, ಸೊನ್ನೆ ಸೇರಿ ೧೧ ಬೈಟು; ಅವನಿಗೆ ಯಾವ ತೊಂದರೆಯೂ ಕಾಣದು. ಕನ್ನಡದಲ್ಲಿ ಹೊಸೂರು ಎಂದು ಬರೆದರೆ ಆರು ಸಂಕೇತ, ೧೮ ಬೈಟು, ಸೊನ್ನೆ ಸೇರಿ ೧೯, ಅದೂ ಹಿಡಿಯಿತು. ಸೂಳಗಿರಿ ಎಂದೊಡನೆ ಎರಡು ಬೈಟುಗಳು ಗೋಡೆ ದಾಟಿ ಪಕ್ಕದ ಮನೆಗೆ ಬಿದ್ದವು! ವಿಷುಯಲ್ ಸ್ಟುಡಿಯೋದ ಡೀಬಗ್ ರೂಪದಲ್ಲಿ ಕಟ್ಟಿದ್ದರೆ, ಆ ಚರದ ಸುತ್ತಲಿನ ಸ್ಮೃತಿಯು ಕೆಟ್ಟಿದೆಯೆಂದು ಯಂತ್ರವೇ ತಡೆದು ಹೇಳುತ್ತದೆ. ರಿಲೀಸ್ ರೂಪದಲ್ಲಿ ಆ ಕಾವಲು ಇರುವುದಿಲ್ಲ. ಇಂದು ಸುಮ್ಮನಿದ್ದು ನಾಳೆ ಸಂಬಂಧವಿಲ್ಲದ ಮತ್ತೊಂದೆಡೆ ಮುಗ್ಗರಿಸಬಹುದು. ಆದಕಾರಣ ದೋಷವನ್ನು ಹುಡುಕುವವನು ಡೀಬಗ್ ರೂಪದಿಂದಲೇ ಆರಂಭಿಸತಕ್ಕದ್ದು.

ಇದಕ್ಕಿಂತಲೂ ಸೂಕ್ಷ್ಮವಾದುದು ಮತ್ತೊಂದಿದೆ. ಹೊಸೂರು ಎಂಬಲ್ಲಿನ ಹೊ ಅಕ್ಷರದ ಒಕಾರವನ್ನು ಒಂದೇ ಸಂಕೇತವಾಗಿ ಬರೆಯಬಹುದು. ಎಕಾರದ ಚಿಹ್ನೆಯನ್ನೂ ಊಕಾರದ ಚಿಹ್ನೆಯನ್ನೂ ಒಂದರ ಹಿಂದೊಂದಾಗಿ ಒತ್ತಿಯೂ ಬರೆಯಬಹುದು. ಕಣ್ಣಿಗೆ ಎರಡೂ ಒಂದೇ ಹೊಸೂರು. ಯಂತ್ರಕ್ಕಾದರೋ ಎರಡನೆಯದು ಏಳು ಸಂಕೇತ, ಸೊನ್ನೆ ಸೇರಿ ೨೨ ಬೈಟು. ಒಂದು ಹೊಸೂರು ಆ ಜಾಗದಲ್ಲಿ ಹಿಡಿಯುತ್ತದೆ, ಇನ್ನೊಂದು ಹಿಡಿಯುವುದಿಲ್ಲ. ಬೈಟುಗಳನ್ನಷ್ಟೇ ಹೋಲಿಸಿದರೆ ಇವೆರಡೂ ಬೇರೆ ಬೇರೆ ಊರುಗಳು. ಕನ್ನಡ ಬಾರದವನು ಎಷ್ಟೇ ಜಾಣನಾಗಿದ್ದರೂ ಇದನ್ನು ಮೊದಲೇ ಶಂಕಿಸುವುದು ಕಷ್ಟ. ಒತ್ತು, ಗುಡಿಸು, ಕೊಂಬುಗಳನ್ನು ಬಿಡಿಸಿ ಬರೆದು ಕಲಿತ ನಮ್ಮ ಮಕ್ಕಳಿಗೆ ಇದು ಕಾಗುಣಿತದ ಲೆಕ್ಕ.

ಡಿಬಗ್ಗರ್ ಎಂಬ ಸಾಧನದ ಉಪಯೋಗವು ಇಲ್ಲಿ ಕಾಣುತ್ತದೆ. ಹೆಸರನ್ನು ಓದುವ ಸಾಲಿನಲ್ಲಿ ತಡೆಯೊಂದನ್ನಿಟ್ಟರೆ ತಂತ್ರಾಂಶವು ಅಲ್ಲಿ ನಿಲ್ಲುತ್ತದೆ. ಬಳಿಕ ಒಂದೊಂದೇ ಸಾಲನ್ನು ನಡೆಸುತ್ತ ಚರಗಳ ಬೆಲೆಯನ್ನು ನೋಡಬಹುದು. ಕನ್ನಡವು ಅಲ್ಲಿ ಅರ್ಥವಿಲ್ಲದ ಚಿಹ್ನೆಗಳಾಗಿ ಕಂಡರೆ ಗಾಬರಿಪಡಬೇಕಾಗಿಲ್ಲ. ವಿಷುಯಲ್ ಸ್ಟುಡಿಯೋದ ವಾಚ್ ಕಿಟಕಿಯಲ್ಲಿ ಚರದ ಹೆಸರಿನ ಮುಂದೆ ಅಲ್ಪವಿರಾಮವನ್ನಿಟ್ಟು, ಇಂಗ್ಲಿಷಿನ ಎಸ್ ಅಕ್ಷರವನ್ನೂ ಎಂಟರ ಅಂಕೆಯನ್ನೂ ಬರೆದರೆ ಅದನ್ನು ಯುಟಿಎಫ್-೮ ಎಂದು ತಿಳಿದು ಕನ್ನಡವಾಗಿಯೇ ತೋರಿಸುತ್ತದೆ. ಸ್ಮೃತಿಯ ಕಿಟಕಿಯಲ್ಲಿ ಬಿಡಿ ಬೈಟುಗಳನ್ನೂ ಎಣಿಸಬಹುದು. ಕ ಅಕ್ಷರವು ಅಲ್ಲಿ ೨೨೪, ೧೭೮, ೧೪೯ ಎಂಬ ಮೂರು ಬೈಟುಗಳು.

ಇವೇ ಬೈಟುಗಳು ಮತ್ತೊಂದು ಚೋದ್ಯವನ್ನು ತೋರಿಸುತ್ತವೆ. ವಿಂಡೋಸಿನ ಈ ಕಂಪೈಲರ್ ಸಿ ಭಾಷೆಯ ಚಾರ್ ಎಂಬ ಜಾತಿಯನ್ನು, ನಾವು ಬೇರೆ ಹೇಳದಿದ್ದರೆ, ಋಣ ಸಂಖ್ಯೆಗಳುಳ್ಳದ್ದೆಂದು ಭಾವಿಸುತ್ತದೆ. ಆಗ ೨೨೪ ಎಂಬುದು ಋಣ ೩೨ ಆಗುತ್ತದೆ. ಇದು ಅಕ್ಷರವೋ ಅಲ್ಲವೋ ಎಂದು ಕೇಳುವ ಗ್ರಂಥಭಂಡಾರದ ಕಾರ್ಯಕ್ಕೆ ಅದನ್ನು ಹಾಗೆಯೇ ಒಪ್ಪಿಸಿದರೆ, ಡೀಬಗ್ ರೂಪದಲ್ಲಿ ತಂತ್ರಾಂಶವು ಆಕ್ಷೇಪಣೆ ಎತ್ತಿ ನಿಲ್ಲುತ್ತದೆ. ಇಂಗ್ಲಿಷ್ ಅಕ್ಷರಗಳೆಲ್ಲ ೧೨೭ರೊಳಗೆ ಇರುವುದರಿಂದ ಇಂಗ್ಲಿಷಿನಲ್ಲಿ ಮಾತ್ರ ಪರೀಕ್ಷಿಸಿದವನಿಗೆ ಈ ದೋಷವು ಎಂದೂ ಎದುರಾಗದು.

ವಿಂಡೋಸಿನ ಹಳೆಯ ಆನ್ಸಿ ಸಂಕೇತಪುಟಗಳಲ್ಲಿ ಕನ್ನಡಕ್ಕೆಂದು ಒಂದೂ ಇಲ್ಲ. ಅದರ ಫಲವಾಗಿ, ಆಜ್ಞೆಯ ಕಿಟಕಿಯಲ್ಲಿ ಕನ್ನಡ ಪದವನ್ನು ನೇರವಾಗಿ ಬರೆದರೆ ಹಳೆಯ ರೀತಿಯ ಸಿ ತಂತ್ರಾಂಶಕ್ಕೆ ಬರಿಯ ಪ್ರಶ್ನಾರ್ಥಕ ಚಿಹ್ನೆಗಳೇ ತಲುಪಬಹುದು. ಕನ್ನಡ ಹೆಸರಿನ ಕೋಶದೊಳಗಿನ ಕಡತವು ತೆರೆಯದೆಯೂ ಹೋಗಬಹುದು. ೨೦೧೯ರಲ್ಲಿ ಬಂದ ವಿಂಡೋಸ್ ೧೦ರ ಆವೃತ್ತಿಯಿಂದೀಚೆಗೆ, ತಾನು ಯುಟಿಎಫ್-೮ ಬಳಸುವೆನೆಂದು ತಂತ್ರಾಂಶವೇ ಘೋಷಿಸಿಕೊಳ್ಳಲು ಅವಕಾಶವಾಗಿದೆ. ಹಾಗಿದ್ದರೂ ಕಲಿಯುವವರು ಕೋಶಗಳಿಗೆ ಇಂಗ್ಲಿಷ್ ಅಕ್ಷರಗಳ ಹೆಸರನ್ನಿಟ್ಟು, ಕನ್ನಡ ಪಠ್ಯವನ್ನು ಕಡತದಲ್ಲಿ ಬರೆದು, ಆ ಕಡತವನ್ನು ಈಸ್ಪೀಕಿಗೆ ಒಪ್ಪಿಸುವುದು ಸುಗಮ.

ಯಂತ್ರವು ಮಾತನಾಡತೊಡಗಿದ ಮೇಲೆ ಉಚ್ಚಾರಣೆಯ ಪರೀಕ್ಷೆ ಬರುತ್ತದೆ. ಇದಕ್ಕೆ ಸಿ ಭಾಷೆಯ ಜ್ಞಾನವೂ ಬೇಕಿಲ್ಲ. ಕನ್ನಡದ ನಿಯಮಗಳು ಕೆಎನ್ ರೂಲ್ಸ್ ಮತ್ತು ಕೆಎನ್ ಲಿಸ್ಟ್ ಎಂಬ ಸಾದಾ ಬರಹದ ಕಡತಗಳಲ್ಲಿವೆ. ಆಜ್ಞೆಯಲ್ಲಿ ದೊಡ್ಡ ಎಕ್ಸ್ ಅಕ್ಷರವನ್ನು ಸೇರಿಸಿದರೆ, ಯಾವ ಅಕ್ಷರಕ್ಕೆ ಯಾವ ನಿಯಮವು ಅನ್ವಯಿಸಿತೆಂಬುದನ್ನು ಸಾಲು ಸಾಲಾಗಿ ಬರೆದು ತೋರಿಸುತ್ತದೆ. ವ್ಯಾಕರಣ ಬೋಧಿಸುವ ನಮ್ಮಂಥವರಿಗೆ ಅದನ್ನು ಓದುವುದೇ ಒಂದು ಸಂತೋಷ. ಅಂಗಡಿ, ಅಂಬಲಿ, ಸಂಶಯ ಎಂಬ ಮೂರರಲ್ಲಿಯೂ ಸೊನ್ನೆ ಒಂದೇ, ಧ್ವನಿ ಮಾತ್ರ ಬೇರೆ. ಫಲವೆಂಬಲ್ಲಿ ಮಹಾಪ್ರಾಣ, ಫೋನು ಎಂಬಲ್ಲಿ ಹಲ್ಲು ತುಟಿಗೆ ತಾಕುವ ಧ್ವನಿ. ನಿಯಮವನ್ನು ತಿದ್ದಿದ ಬಳಿಕ ಕನ್ನಡದ ಕೋಶವನ್ನಷ್ಟೇ ಮತ್ತೆ ಕಂಪೈಲ್ ಮಾಡಬೇಕು, ಇಡೀ ತಂತ್ರಾಂಶವನ್ನಲ್ಲ.

ಒಂಬತ್ತನೆಯ ಮತ್ತು ಹತ್ತನೆಯ ತರಗತಿಯ ವಿದ್ಯಾರ್ಥಿಗಳು ಬರುವ ತಿಂಗಳೊಳಗಾಗಿ ಇಂಥ ಹತ್ತು ಪದಗಳನ್ನು ತಮ್ಮ ಪಾಠಗಳಿಂದ ಆರಿಸಿ, ಪ್ರತಿ ಪದದ ಎದುರಿಗೆ ಅದರ ಸಂಕೇತಗಳ ಸಂಖ್ಯೆ, ಬೈಟುಗಳ ಸಂಖ್ಯೆ, ಸರಿಯಾದ ಉಚ್ಚಾರಣೆ, ಯಂತ್ರವು ನುಡಿದ ಉಚ್ಚಾರಣೆ ಇವುಗಳನ್ನು ಬರೆದು ತರತಕ್ಕದ್ದು. ಮನೆಯಲ್ಲಿ ಗಣಕವಿಲ್ಲದವರು ಮೊದಲ ಮೂರನ್ನು ಪುಸ್ತಕದಲ್ಲಿಯೇ ಲೆಕ್ಕಮಾಡಬಹುದು. ನಾಲ್ಕನೆಯದನ್ನು ಶಾಲೆಯ ಗಣಕದಲ್ಲಿ ಕೇಳಿ ತುಂಬಿಸೋಣ.