ಗಮ್ ಕಲಸುವ ಮೊದಲು ನೀರು ನೋಡು

ಪುಟ್ಟಿ, ಹಿತ್ತಲ ಶೆಡ್ಡಿನಲ್ಲಿ ಸ್ಕ್ರೀನ್ ಪ್ರಿಂಟಿಂಗ್ ಶುರು ಮಾಡುತ್ತೇನೆ ಅಂತ ನೀನು ಫೋನ್ ಮಾಡಿದಾಗ ನನಗಾದ ಖುಷಿ ಅಷ್ಟಿಷ್ಟಲ್ಲ. ಟೇಬಲ್ ಎಷ್ಟುದ್ದ ಇರಲಿ, ಮೆಶ್ ಯಾವುದು ತರಲಿ ಅಂತೆಲ್ಲ ಕೇಳಿದೆ. ಗಮ್ ಬಗ್ಗೆ ಒಂದು ಮಾತೂ ಕೇಳಲಿಲ್ಲ. ಬಣ್ಣ ಕಲಸುವ ಕಲರ್ ಕಿಚನ್‌ನಲ್ಲಿ 28 ವರ್ಷ ಬಕೆಟ್ ಕಲಕಿದ ನಿನ್ನ ಮಾವ ಅದನ್ನು ಹೇಳದೆ ಬಿಟ್ಟರೆ ತಪ್ಪಾಗುತ್ತದೆ.

ನೀನು ಹಾಕುವುದು ಹತ್ತಿ ಬಟ್ಟೆಗೆ ರಿಯಾಕ್ಟಿವ್ ಬಣ್ಣ. ಬರೀ ನೀರಿನಲ್ಲಿ ಕರಗಿಸಿ ಒತ್ತಿದರೆ ಹರಡಿಹೋಗುತ್ತದೆ, ಅದಕ್ಕೆ ಗಮ್ ಬೇಕು. ಗಂಜಿ, ಹುಣಸೆಬೀಜದ ಪುಡಿ, ಗೌರ್ ಗಮ್ ಎಲ್ಲವೂ ಪೇಸ್ಟನ್ನು ಗಟ್ಟಿ ಮಾಡುತ್ತವೆ, ಬೆಲೆಯೂ ಕಡಿಮೆ. ಆದರೆ ಈ ಬಣ್ಣಕ್ಕೆ ಗಂಜಿಯೂ ಒಂದೇ, ಹತ್ತಿಯೂ ಒಂದೇ. ಎರಡನ್ನೂ ಹಿಡಿದುಕೊಳ್ಳುತ್ತದೆ. ಗಂಜಿಗೆ ಅಂಟಿದ ಬಣ್ಣ ಒಗೆದಾಗ ಹೋಗುತ್ತದೆ, ಹೋಗದೆ ಉಳಿದದ್ದು ಬಟ್ಟೆಯನ್ನು ಹಪ್ಪಳ ಮಾಡುತ್ತದೆ. ಸೋಡಿಯಂ ಆಲ್ಜಿನೇಟ್ ಹಾಗಲ್ಲ. ಅದಕ್ಕೂ ಬಣ್ಣಕ್ಕೂ ಇರುವುದು ಒಂದೇ ಬಗೆಯ ಋಣ ವಿದ್ಯುದಂಶ, ಹಾಗಾಗಿ ಒಂದನ್ನೊಂದು ದೂರ ತಳ್ಳುತ್ತವೆ. ಬಣ್ಣವನ್ನು ಇಟ್ಟ ಜಾಗದಲ್ಲಿ ಹಿಡಿದು, ಸ್ಟೀಮ್ ಆಗುವವರೆಗೆ ಕಾದು, ತೊಳೆಯುವಾಗ ತಾನು ಹೊರಟುಹೋಗುತ್ತದೆ. 1956ರಲ್ಲಿ ಈ ಬಣ್ಣಗಳು ಮಾರುಕಟ್ಟೆಗೆ ಬಂದ ಮೇಲೆ ಪ್ರಿಂಟಿಂಗ್‌ನವರು ಆಲ್ಜಿನೇಟ್ ಹಿಡಿದದ್ದು ಇದೇ ಕಾರಣಕ್ಕೆ.

ಅದು ಎಲ್ಲಿಂದ ಬರುತ್ತದೆ ಅನ್ನುವುದನ್ನು ತಿಳಿದುಕೋ, ಆಗ ಅದರ ಸ್ವಭಾವವೂ ತಿಳಿಯುತ್ತದೆ. ಕಾರವಾರದ ಬಂಡೆಗಳ ಮೇಲೆ ಕಂದು ಬಣ್ಣದ ಕಡಲಕಳೆ ನೋಡಿದ್ದೀಯಲ್ಲ, ಗೊಂಚಲಲ್ಲಿ ಮೆಣಸಿನಕಾಳಿನಂಥ ಗಾಳಿಗುಳ್ಳೆಗಳಿರುತ್ತವೆ? ಅದು ಸರ್ಗಾಸಮ್. ತಮಿಳುನಾಡಿನ ಮಂಡಪಂ ಕಡೆ ಆಲ್ಜಿನೇಟ್‌ಗೆ ಕೊಯ್ಯುವುದು ಇದನ್ನೇ. ಅಲೆ ಎಷ್ಟು ಬಡಿದರೂ ಈ ಗಿಡ ಹರಿಯದೆ ಬಳುಕುವುದು ಅದರ ಕೋಶಭಿತ್ತಿಯಲ್ಲಿರುವ ಆಲ್ಜಿನೇಟ್‌ನಿಂದ. ಅಲ್ಲಿ ಅದು ಹೆಚ್ಚಾಗಿ ಕ್ಯಾಲ್ಸಿಯಂ ಜೊತೆ ಸೇರಿಕೊಂಡು, ನೀರಿಗೆ ಕರಗದಂತೆ ಕೂತಿರುತ್ತದೆ. ಸೋಡಾ ಹಾಕಿ ಕುದಿಸಿದರೆ ಕ್ಯಾಲ್ಸಿಯಂ ಬಿಟ್ಟು ಸೋಡಿಯಂ ಹಿಡಿಯುತ್ತದೆ, ಕರಗಿ ಹೊರಬರುತ್ತದೆ. ಸ್ಕಾಟ್ಲೆಂಡಿನ ಕಡಲಕಳೆಯಲ್ಲಿ ಸ್ಟ್ಯಾನ್‌ಫರ್ಡ್ ಎಂಬ ರಸಾಯನಶಾಸ್ತ್ರಜ್ಞ ಇದನ್ನು ಕಂಡುಕೊಂಡು 1881ರಲ್ಲಿ ಪೇಟೆಂಟ್ ಪಡೆದ.

ಹೀಗೆ ಬಿಡಿಸಿ ತಂದ ಆಲ್ಜಿನೇಟ್‌ಗೆ ಮತ್ತೆ ಕ್ಯಾಲ್ಸಿಯಂ ಸಿಕ್ಕಿತೋ, ತಕ್ಷಣ ಹಳೇ ನೆಂಟನನ್ನು ಕಂಡಂತೆ ಕೈ ಹಿಡಿದು ಗಟ್ಟಿಯಾಗಿಬಿಡುತ್ತದೆ. ನಿಮ್ಮ ಬೋರ್‌ವೆಲ್ ನೀರಿನಲ್ಲಿ ಕ್ಯಾಲ್ಸಿಯಂ ಎಷ್ಟಿದೆ ಅಂತ ತಿಳಿಯಲು ಲ್ಯಾಬ್ ಬೇಡ, ನಿನ್ನಮ್ಮ ನೀರು ಕಾಯಿಸುವ ಪಾತ್ರೆಯ ತಳದ ಬಿಳಿ ಪೊರೆ ನೋಡು ಸಾಕು.

ಒಂದು ಏಪ್ರಿಲ್‌ನಲ್ಲಿ ನಮ್ಮಲ್ಲಿ ಮೆದುನೀರಿನ ಟ್ಯಾಂಕ್ ಖಾಲಿಯಾಗಿ, ಪಂಪಿನವನು ಬೋರ್‌ವೆಲ್ ತಿರುಗಿಸಿದ. ನನಗೆ ಗೊತ್ತಿರಲಿಲ್ಲ. ಬೆಳಿಗ್ಗೆ ಬಕೆಟ್ಟಿಗೆ ಕೈ ಹಾಕಿದರೆ ನೆನೆದ ಸಾಬಕ್ಕಿಯಂಥ ಕಾಳುಗಳು. ಸೋಸಿದೆ, ಸರಿಹೋಯಿತು ಅಂದುಕೊಂಡೆ. ಮಧ್ಯಾಹ್ನದ ಹೊತ್ತಿಗೆ ಸ್ಕ್ರೀನ್ ಕಟ್ಟಿಕೊಂಡು 400 ಮೀಟರ್ ಬೆಡ್‌ಶೀಟಿನ ಮೇಲೆಲ್ಲ ಬಿಳಿ ಚುಕ್ಕೆ. ಗಮ್ ಕೊಟ್ಟವರಿಗೆ ಫೋನ್ ಮಾಡಿ ಕೂಗಾಡಿದೆ. ಗಮ್ ಸರಿಯಾಗಿಯೇ ಇತ್ತು. ಅವರ ಹತ್ತಿರ ಕ್ಷಮೆ ಕೇಳಿದ್ದು ಒಂದು ವಾರದ ಮೇಲೆ. ಅದು ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಅದಕ್ಕೇ ಹೇಳುತ್ತೇನೆ, ಮೊದಲು ನೀರು. ಲೀಟರಿಗೆ ಸುಮಾರು 5 ಗ್ರಾಂ ಸೋಡಿಯಂ ಹೆಕ್ಸಾಮೆಟಾಫಾಸ್ಫೇಟ್ ಕರಗಿಸು, ನೀರಿನ ಕ್ಯಾಲ್ಸಿಯಂ ಅನ್ನು ಅದು ಹಿಡಿದಿಟ್ಟುಕೊಳ್ಳುತ್ತದೆ. ಆಮೇಲೆ ನೀರನ್ನು ಸುಳಿ ಬರುವಂತೆ ಕಲಕುತ್ತ ಪುಡಿಯನ್ನು ಸ್ವಲ್ಪಸ್ವಲ್ಪವೇ ಉದುರಿಸು. ಒಮ್ಮೆಗೇ ಸುರಿದೆಯೋ, ರಾಗಿಹಿಟ್ಟು ಗಂಟು ಕಟ್ಟಿದ ಹಾಗೆ, ಹೊರಗೆ ಜೆಲ್ಲಿ ಒಳಗೆ ಒಣಪುಡಿ. ತೆಳು ಗ್ರೇಡ್ ಆದರೆ ಪುಡಿ ಹೆಚ್ಚು ಬೇಕು, ಮಂದ ಗ್ರೇಡ್ ಆದರೆ ಕಡಿಮೆ ಸಾಕು. ರಾತ್ರಿಯಿಡೀ ನೆನೆಯಲಿ. ಬೆಳಿಗ್ಗೆ ಹಳೇ ನೈಲಾನ್ ಸೀರೆಯಲ್ಲಿ ಸೋಸು. ಕೋಲು ಎತ್ತಿದರೆ ಜೇನಿನಂತೆ ಎಳೆ ಕಡಿಯದೆ ಇಳಿಯಬೇಕು, ಅದೇ ಹದ. ಬೇಗ ಕರಗಲಿ ಅಂತ ಕುದಿಸಬೇಡ, ನೀರಾಗಿಬಿಡುತ್ತದೆ. ಹುಳಿ ಅಂಶ ಸೋಕಿಸಬೇಡ, ಮೊಸರಿನಂತೆ ಒಡೆಯುತ್ತದೆ. ಬಕೆಟ್ ಮೇಲೆ ತಾರೀಖು ಬರೆ. ಬೇಸಿಗೆಯಲ್ಲಿ ಬೇಗ ಕೆಡುತ್ತದೆ, ತೆಳುವಾಗಿ ವಾಸನೆ ಬಂದರೆ ಚೆಲ್ಲಿಬಿಡು.

ಕ್ಯಾಲ್ಸಿಯಂ ಸಿಕ್ಕಿದರೆ ಗಟ್ಟಿಯಾಗಿ ನಮಗೆ ಕಾಟ ಕೊಡುವ ಗುಣವೇ ಬೇರೆಯವರಿಗೆ ವರ. ಒಂದು ಲೋಟ ನೀರಿಗೆ ಚಿಟಿಕೆ ಕ್ಯಾಲ್ಸಿಯಂ ಕ್ಲೋರೈಡ್ ಹಾಕಿ, ಗಮ್ಮನ್ನು ಹನಿಹನಿಯಾಗಿ ಬಿಟ್ಟು ನೋಡು. ಪ್ರತಿ ಹನಿಯೂ ಮೀನಿನ ಮೊಟ್ಟೆಯಂತೆ ದುಂಡಗೆ ನಿಲ್ಲುತ್ತದೆ. ದಂತವೈದ್ಯರು ಹಲ್ಲಿನ ಅಚ್ಚು ತೆಗೆಯುವ ಪುಡಿ ಬಾಯೊಳಗೆ ಗಟ್ಟಿಯಾಗುವುದು ಹೀಗೆಯೇ. ಕೀವು ಸೋರುವ ಗಾಯಕ್ಕೆ ಇಡುವ ಆಲ್ಜಿನೇಟ್ ಪಟ್ಟಿಯಲ್ಲಿ ಉಲ್ಟಾ ಕೆಲಸ: ಕ್ಯಾಲ್ಸಿಯಂ ಬಿಟ್ಟು ದ್ರವದ ಸೋಡಿಯಂ ತೆಗೆದುಕೊಂಡು, ಮೆತ್ತಗಾಗಿ, ನೋವಿಲ್ಲದೆ ಬಿಡಿಸಿಕೊಳ್ಳುತ್ತದೆ. ಐಸ್‌ಕ್ರೀಮ್ ಡಬ್ಬಿಯ ಮೇಲೆ 401 ಅಂತ ನಂಬರ್ ಕಂಡರೆ ಅದೂ ಇದೇ. ಹಾಗಂತ ಪ್ರಿಂಟಿಂಗ್‌ಗೆ ತಂದ ಪುಡಿ ಅಡುಗೆಮನೆಗೆ ಹೋಗಕೂಡದು. ಮನೆಯಲ್ಲಿ ಮಗು ಇದೆ, ಡಬ್ಬಿಯನ್ನು ಶೆಡ್ಡಿನಲ್ಲೇ ಎತ್ತರಕ್ಕಿಡು.

ಜೂನ್ ಬರುವುದರೊಳಗೆ ಶೆಡ್ಡಿನ ತಗಡಿನ ಅಂಚಿಗೆ ಪೈಪು ಕೂರಿಸಿ, ಕೆಳಗೆ ಎರಡು ಡ್ರಮ್ ಇಡು. ಮೊದಲ ಮಳೆ ಧೂಳು ತೊಳೆದು ಹೋಗಲಿ, ಎರಡನೆಯದನ್ನು ಹಿಡಿ. ಮಳೆನೀರಿಗಿಂತ ಮೆದುವಾದದ್ದು ನಿನಗೆ ಬಿಟ್ಟಿ ಸಿಗುವುದಿಲ್ಲ. ಡ್ರಮ್ ತುಂಬಿದ ದಿನ ಫೋನ್ ಮಾಡು, ಬಂದು ಮೊದಲ ಬಕೆಟ್ ನಿನ್ನ ಜೊತೆ ನಾನೇ ಕಲಸುತ್ತೇನೆ.