ಫಾರಂನಿಂದ ಬಂದ 50 ನಂಬರ್ ಅಲ್ಲ

ಮಗೂ, ಜಾವಾಸ್ಕ್ರಿಪ್ಟ್ ಕಲಿಯಲು ಕೂತಿದ್ದೀಯ, ಸಂತೋಷ. ವೇರಿಯಬಲ್ ಯಾವ ಟೈಪ್ ಎಂದು ಮೊದಲೇ ಹೇಳಬೇಕಿಲ್ಲ ಎನ್ನುವುದು ನಿನಗೆ ಹಿಡಿಸಿದೆ. ಆದರೆ ಹೇಳಬೇಕಿಲ್ಲ ಅಂದರೆ ಟೈಪೇ ಇಲ್ಲ ಅಂತಲ್ಲ. ಟೈಪ್ ಇರುವುದು ವೇರಿಯಬಲ್‌ಗಲ್ಲ, ಅದರೊಳಗಿನ ಮೌಲ್ಯಕ್ಕೆ. ನಂಬರ್ ಇದ್ದ ಜಾಗದಲ್ಲಿ ಸ್ಟ್ರಿಂಗ್, ಅಂದರೆ ಅಕ್ಷರಗಳ ಸಾಲು, ಇಟ್ಟರೂ ಭಾಷೆ ಬೇಡ ಅನ್ನುವುದಿಲ್ಲ. ಒಳಗೆ ಏನಿದೆ ಎಂಬ ಲೆಕ್ಕ ನೀನೇ ಇಡಬೇಕು.

ಬಹಳ ಜನ ಎಡವುವುದು ಫಾರಂನಲ್ಲಿ. ಬೆಲೆಯ ಬಾಕ್ಸ್‌ನಲ್ಲಿ ಗಿರಾಕಿ 50 ಎಂದು ತುಂಬಿದರೆ ನಿನ್ನ ಕೈಗೆ ಬರುವುದು ಐದು, ಸೊನ್ನೆ ಎಂಬ ಎರಡು ಅಕ್ಷರಗಳ ಸ್ಟ್ರಿಂಗ್. ಬಾಕ್ಸ್‌ಗೆ ನಂಬರ್ ಟೈಪ್ ಕೊಟ್ಟಿದ್ದರೂ ಅದರ ವ್ಯಾಲ್ಯೂ ಸ್ಟ್ರಿಂಗೇ. ಅದಕ್ಕೆ 10 ಕೂಡಿಸಿ ನೋಡು, 60 ಬರುವುದಿಲ್ಲ, 5010 ಬರುತ್ತದೆ. ಅದೇ 10 ಕಳೆದರೆ ಸರಿಯಾಗಿ 40! ಪ್ಲಸ್‌ಗೆ ಕೂಡಿಸುವುದೂ ಗೊತ್ತು, ಜೋಡಿಸುವುದೂ ಗೊತ್ತು. ಒಂದು ಕಡೆ ಸ್ಟ್ರಿಂಗ್ ಕಂಡರೆ ಜೋಡಿಸಿಬಿಡುತ್ತದೆ. ಮೈನಸ್‌ಗೆ ಕಳೆಯುವುದೊಂದೇ ಗೊತ್ತು. ಡಿಸ್ಕೌಂಟ್ ಸರಿಯಾಗಿ ಬಂದು ಡೆಲಿವರಿ ಚಾರ್ಜ್ ಸೇರಿಸಿದಾಗ ಮಾತ್ರ ಬಿಲ್ ಕೆಟ್ಟರೆ ಮೊದಲು ಇಲ್ಲಿ ನೋಡು. ಎರರ್ ಮೆಸೇಜ್ ಬರುತ್ತದೆ ಎಂದು ಕಾಯಬೇಡ, ಬರುವುದಿಲ್ಲ.

ಆದ್ದರಿಂದ ಹೊರಗಿನಿಂದ ಮೌಲ್ಯ ಬಂದ ಕೂಡಲೇ ನಂಬರ್ ಫಂಕ್ಷನ್‌ಗೆ ಕೊಟ್ಟು ಪರಿವರ್ತಿಸಿಕೋ. ಬಾಕ್ಸ್ ಖಾಲಿ ಬಿಟ್ಟಿದ್ದರೆ ಅದು 0 ಕೊಡುತ್ತದೆ, ಹಾಗಾಗಿ ಖಾಲಿಯೇ ಎಂದು ಮುಂಚೆಯೇ ಪರೀಕ್ಷಿಸು. ಸಾಮಾನ್ಯ ಟೆಕ್ಸ್ಟ್ ಬಾಕ್ಸ್‌ನಲ್ಲಿ ಯಾರಾದರೂ ಕನ್ನಡ ಅಂಕಿಯಲ್ಲಿ ೫೦ ಎಂದು ಬರೆದರೆ ಸಿಗುವುದು ನ್ಯಾನ್, ಅಂದರೆ ಸಂಖ್ಯೆಯಲ್ಲ. ಮೌಲ್ಯದ ಟೈಪ್ ಹೇಳುವ ಟೈಪ್‌ಆಫ್ ಬಳಸಿ ಕೇಳಿದರೆ ಅದೂ ನಂಬರ್ ಎಂದೇ ಉತ್ತರ ಬರುತ್ತದೆ. ಅದನ್ನು ಹಿಡಿಯಲು ನಂಬರ್.ಈಸ್‌ನ್ಯಾನ್ ಇದೆ. ಕನ್ನಡ ಅಂಕಿ ಬರೆದವರನ್ನು ಮಾತ್ರ ತಪ್ಪು ಎಂದು ವಾಪಸ್ ಕಳಿಸಬೇಡಪ್ಪ. ಅಂಕಿ ಬದಲಿಸಿಕೊಂಡು ಲೆಕ್ಕ ಮಾಡುವುದು ನಾಲ್ಕು ಸಾಲಿನ ಕೆಲಸ.

ಹಾಗಂತ ಕಂಡದ್ದನ್ನೆಲ್ಲ ನಂಬರ್ ಮಾಡಲು ಹೋಗಬೇಡ. ಬೆಂಗಳೂರಿನ 080 ಕೋಡ್ 80 ಆಗಿಬಿಡುತ್ತದೆ. ಕೂಡಿ ಕಳೆಯುವಂಥದ್ದಲ್ಲದ್ದು ಸ್ಟ್ರಿಂಗ್ ಆಗಿಯೇ ಇರಲಿ.

ಟೈಪ್‌ಆಫ್‌ನ ಇನ್ನೊಂದು ವಿಚಿತ್ರವೂ ಇದೆ: ಏನೂ ಇಲ್ಲ ಎಂದು ಸೂಚಿಸುವ ನಲ್‌ನ ಟೈಪ್ ಕೇಳಿದರೆ ಆಬ್ಜೆಕ್ಟ್ ಅನ್ನುತ್ತದೆ. 1995ರಲ್ಲಿ ನೆಟ್‌ಸ್ಕೇಪ್‌ನ ಬ್ರೆಂಡನ್ ಐಕ್ ಹತ್ತೇ ದಿನದಲ್ಲಿ ಕಟ್ಟಿದ ಮೊದಲ ರೂಪದ ಕಾಲದಿಂದ ಉಳಿದ ತಪ್ಪು ಅದು. ತಿದ್ದಿದರೆ ಹಳೆಯ ವೆಬ್ ಪುಟಗಳು ಕೆಡುತ್ತವೆಂದು ಹಾಗೇ ಬಿಟ್ಟಿದ್ದಾರೆ. ಇದನ್ನು ತೋರಿಸಿ ಭಾಷೆಯನ್ನು ಗೇಲಿ ಮಾಡುವವರ ಜೊತೆ ಸೇರಬೇಡ, ಕಾರಣ ತಿಳಿದುಕೋ.

ಕೊನೆಗೊಂದು ಮಾತು: ಎರಡು ಮೌಲ್ಯಗಳನ್ನು ಹೋಲಿಸುವಾಗ ಮೂರು ಸಮಚಿಹ್ನೆಯನ್ನೇ ಬಳಸು. ಎರಡು ಹಾಕಿದರೆ ಸೊನ್ನೆಯೂ ಖಾಲಿ ಸ್ಟ್ರಿಂಗೂ ಒಂದೇ ಆಗುತ್ತವೆ.